ಮನೆಯ ಬಾಗಿಲಾಚೆ ಮಕ್ಕಳು: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಸಬೇಕು

ಬೇಸಿಗೆ ರಜೆ ಹತ್ತಿರವಾದಾಗಲೆಲ್ಲ ತಂದೆ ತಾಯಂದಿರು ಕೇಳುವ ಪ್ರಶ್ನೆ ಒಂದಿದೆ: ಮಗುವಿಗೆ ಪ್ರಕೃತಿಯ ಪರಿಚಯ ಮಾಡಿಸಬೇಕು, ಒಳ್ಳೆಯ ಶಿಬಿರ ಯಾವುದಿದೆ? ಶಿಬಿರಗಳು ಕೆಟ್ಟವೇನಲ್ಲ. ಆದರೆ ವರ್ಷಕ್ಕೊಮ್ಮೆ ಕೊಡಗಿನ ಹೋಂಸ್ಟೇಯಲ್ಲಿ ಎರಡು ರಾತ್ರಿ ಕಳೆದು, ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಬಂದ ಎಷ್ಟೋ ಮಕ್ಕಳಿಗೆ ತಮ್ಮ ಬೀದಿಯ ಕೊನೆಯಲ್ಲಿರುವ ಮರ ಯಾವುದೆಂದು ತಿಳಿದಿರುವುದಿಲ್ಲ. ಹಾಗಾಗಿ ನಾನು ಕೊಡುವ ಉತ್ತರ ಇಷ್ಟೇ. ಮನೆಯಿಂದ ಐದು ಹತ್ತು ನಿಮಿಷ ನಡೆದರೆ ಸಿಗುವ ಒಂದು ಜಾಗ ಹುಡುಕಿಕೊಳ್ಳಿ. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಮಗುವಿಗೆ ಆ ಜಾಗ ಬಳಕೆಯಾಗುವವರೆಗೆ ದೂರದ ಕಾಡಿನ ಯೋಚನೆ ಬೇಡ.

ಹೊರಗೆ ಹೋಗುವುದರಿಂದ ಆಗುವ ಲಾಭಗಳನ್ನು ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಕಣ್ಣಿನ ವಿಷಯ ಮಾತ್ರ ಹೇಳಿಬಿಡುತ್ತೇನೆ, ಏಕೆಂದರೆ ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು, ಉಳಿದ ಶಾಲೆಗಳಲ್ಲಿ ಎಂದಿನಂತೆ ನಡೆಸಿದರು. ಮೂರು ವರ್ಷಗಳಲ್ಲಿ ಹೊರಗೆ ಬಿಟ್ಟ ಮಕ್ಕಳಲ್ಲಿ ಶೇ 30ರಷ್ಟು, ಉಳಿದವರಲ್ಲಿ ಶೇ 39ಕ್ಕೂ ಹೆಚ್ಚು ಮಂದಿಗೆ ಸಮೀಪದೃಷ್ಟಿ ದೋಷ ಬಂದಿತ್ತು. ತೈವಾನ್ ದೇಶವು ಮಕ್ಕಳು ದಿನಕ್ಕೆ 120 ನಿಮಿಷ ಬಯಲಿನಲ್ಲಿರಬೇಕೆಂದು ಶಾಲೆಗಳ ಮೂಲಕ ವರ್ಷಗಳಿಂದ ಹೇಳುತ್ತಾ ಬಂದಿದೆ. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಹಗಲಿನ ಬೆಳಕು. ದೀಪ ಉರಿಯುವ ಕೋಣೆಗಿಂತ ಮರದ ನೆರಳಿನಲ್ಲೂ ಹಲವು ಪಟ್ಟು ಹೆಚ್ಚು ಬೆಳಕಿರುತ್ತದೆ. ಆದ್ದರಿಂದ ಮಗುವನ್ನು ಸುಡುಬಿಸಿಲಿನಲ್ಲಿ ನಿಲ್ಲಿಸಬೇಕಾಗಿಲ್ಲ, ಹೊಂಗೆಯ ನೆರಳೇ ಸಾಕು.

ಹೆಜ್ಜೆ 1: ಹೊತ್ತು ಗೊತ್ತುಮಾಡಿ

"ಬಿಡುವಾದಾಗ ಹೋಗೋಣ" ಎಂದುಕೊಂಡರೆ ಬಿಡುವು ಬರುವುದೇ ಇಲ್ಲ. ಶಾಲೆಯಿಂದ ಬಂದ ಕೂಡಲೇ ಸಮವಸ್ತ್ರ ಬದಲಿಸಿ, ಮುಖ ತೊಳೆದು, ಕೈಗೊಂದು ಬಾಳೆಹಣ್ಣೋ ಚಕ್ಕುಲಿಯೋ ಕೊಟ್ಟು ಹೊರಡಿಸಿ. ಟಿವಿ ಹಾಕುವ ಮುನ್ನ, ಹೋಂವರ್ಕ್ ಪುಸ್ತಕ ತೆರೆಯುವ ಮುನ್ನ ಹೊರಡುವುದು ಮುಖ್ಯ. ಒಮ್ಮೆ ಪರದೆಯ ಮುಂದೆ ಕುಳಿತ ಮಗುವನ್ನು ಎಬ್ಬಿಸುವ ಜಗಳಕ್ಕೆ ಹೋಲಿಸಿದರೆ ಇದು ತೀರಾ ಸುಲಭ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ನಾಲ್ಕು ವರ್ಷದವರಿಗೆ ದಿನವಿಡೀ ಸೇರಿ ಮೂರು ಗಂಟೆ. ಇದನ್ನು ಮೊದಲ ವಾರವೇ ಮುಟ್ಟಬೇಕೆಂದಿಲ್ಲ. ಇಪ್ಪತ್ತು ನಿಮಿಷದಿಂದ ಶುರು ಮಾಡಿ, ಆದರೆ ಹೊತ್ತು ತಪ್ಪಿಸಬೇಡಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಒಳ್ಳೆಯದು, ಹನ್ನೊಂದರಿಂದ ಮೂರರವರೆಗಿನ ಬಿಸಿಲು ಬೇಡ.

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಸಂಜೆ ನಾಲ್ಕೂವರೆಗೆ ಯಾರಿರುತ್ತಾರೆ? ಅಜ್ಜ ಅಜ್ಜಿ ಇದ್ದರೆ ಅವರಿಗಿಂತ ಒಳ್ಳೆಯ ಜೊತೆ ಇಲ್ಲ. ಅವರಿಗೆ ಅವಸರವಿರುವುದಿಲ್ಲ, ನಿಂತು ನೋಡುವ ತಾಳ್ಮೆ ಇರುತ್ತದೆ, ಗಿಡಗಳ ಹೆಸರೂ ಗೊತ್ತಿರುತ್ತದೆ. ಇಲ್ಲವಾದರೆ ಅಕ್ಕಪಕ್ಕದ ನಾಲ್ಕು ಮನೆಯವರು ವಾರದ ದಿನಗಳನ್ನು ಹಂಚಿಕೊಳ್ಳಿ. ದಿನಕ್ಕೊಬ್ಬ ದೊಡ್ಡವರು ಎಲ್ಲ ಮಕ್ಕಳನ್ನೂ ನೋಡಿಕೊಂಡರೆ ಸಾಕು. ನಾಲ್ಕಾರು ಮಕ್ಕಳು ಸೇರಿದಾಗ ಲಗೋರಿ, ಕುಂಟೆಬಿಲ್ಲೆ, ಮರಕೋತಿ ಆಟಗಳು ತಾವಾಗಿಯೇ ಶುರುವಾಗುತ್ತವೆ.

ಹೆಜ್ಜೆ 2: ಜಾಗ ಹುಡುಕಿ

ನೋಡಲು ಚೆಂದವಾದ ಜಾಗವೇ ಆಗಬೇಕೆಂದಿಲ್ಲ. ಮಣ್ಣು ಇರಬೇಕು, ಒಂದಾದರೂ ದೊಡ್ಡ ಮರ ಇರಬೇಕು, ನೀವು ಕೂರಲು ಕಟ್ಟೆಯೋ ಕಲ್ಲೋ ಇರಬೇಕು, ಜನರ ಓಡಾಟವೂ ಸ್ವಲ್ಪ ಇರಬೇಕು. ದೇವಸ್ಥಾನದ ಅರಳಿಕಟ್ಟೆ, ಸರ್ಕಾರಿ ಶಾಲೆಯ ಮೈದಾನ, ಕೆರೆ ಏರಿ, ಬಡಾವಣೆಯ ಉದ್ಯಾನದ ಹಿಂದಿನ ಮೂಲೆ ಎಲ್ಲವೂ ಆಗುತ್ತದೆ. ಟೈಲ್ಸ್ ಹಾಸಿ, ಗಿಡಗಳನ್ನು ಚೌಕಾಕಾರಕ್ಕೆ ಕತ್ತರಿಸಿ, ಹುಲ್ಲಿಗೆ ಬೇಲಿ ಹಾಕಿದ ಉದ್ಯಾನಗಳಲ್ಲಿ ಮಕ್ಕಳಿಗೆ ಮಾಡಲು ಏನೂ ಇರುವುದಿಲ್ಲ. ಅದೇ ಉದ್ಯಾನದ ಮಾಲಿ ತರಗೆಲೆ ರಾಶಿ ಹಾಕುವ ಮೂಲೆಯಲ್ಲಿ ಎರೆಹುಳ, ಸಹಸ್ರಪದಿ, ಬಸವನಹುಳು, ಅಣಬೆ ಎಲ್ಲವೂ ಸಿಗುತ್ತವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಇವೆ. ಧಾರವಾಡದವರಿಗೆ ಸಾಧನಕೇರಿ ಇದೆ, ವಿಶ್ವವಿದ್ಯಾಲಯದ ಆವರಣವಿದೆ. ಬೆಂಗಳೂರಿನವರು ಮೊದಲು ತಮ್ಮ ವಾರ್ಡಿನೊಳಗೇ ಹುಡುಕಲಿ. ಕಬ್ಬನ್ ಪಾರ್ಕ್‌ಗೆ ಹೋಗಿಬರಲು ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಳೆಯುವುದಾದರೆ ಅದು ದಿನನಿತ್ಯದ ಜಾಗವಾಗುವುದಿಲ್ಲ.

ಹೆಜ್ಜೆ 3: ಒಂದು ಮರ ಹಿಡಿಯಿರಿ

ನನ್ನ ಅನುಭವದಲ್ಲಿ ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಮಗು ಒಂದು ಮರವನ್ನು ತನ್ನದೆಂದು ಆರಿಸಿಕೊಳ್ಳಲಿ. ವಾರಕ್ಕೊಮ್ಮೆ, ಅದೇ ದಿನ, ಆ ಮರವನ್ನು ನೋಡಿ ಒಂದು ನೋಟ್‌ಪುಸ್ತಕದಲ್ಲಿ ಮೂರು ಸಂಗತಿ ಬರೆಯಲಿ: ಎಲೆ ಹೇಗಿದೆ, ಹೂವಿದೆಯೇ, ಕಾಯಿ ಇದೆಯೇ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ. ಸೀಸನ್‌ವಾಚ್ ಎಂಬ ದೇಶವ್ಯಾಪಿ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಮಾಡುವುದೂ ಇದನ್ನೇ. ಅವರ ಟಿಪ್ಪಣಿಗಳು ಮರಗಳ ಋತುಚಕ್ರ ಬದಲಾಗುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳಿಗೆ ನೆರವಾಗುತ್ತವೆ.

ಯಾವ ಮರ ಎಂದು ತೋಚದಿದ್ದರೆ ಹೊಂಗೆಯಿಂದ ಶುರು ಮಾಡಿ. ಕರ್ನಾಟಕದ ಯಾವ ಊರಿನಲ್ಲೂ ಅದಕ್ಕೆ ಕೊರತೆಯಿಲ್ಲ. ಚಳಿಗಾಲದ ಕೊನೆಗೆ ಹಳದಿ ತಿರುಗಿ ಎಲೆ ಉದುರಿಸುತ್ತದೆ. ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆಹಸಿರು ಚಿಗುರು. ಅದರ ಹಿಂದೆಯೇ ನಸುನೇರಳೆ ಬಿಳಿ ಹೂವು. ಬೆಳಿಗ್ಗೆ ಮರದಡಿ ನೆಲವೇ ಕಾಣದಷ್ಟು ಉದುರಿರುತ್ತದೆ, ಮೇಲೆ ಜೇನುಹುಳಗಳ ಮೊರೆತ. ಉದುರಿದ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿಯಲು ಹೇಳಿ. ಎಲೆಯ ಮೇಲೆ ಬಿಳಿ ಮಚ್ಚೆಗಳು ಕಂಡರೆ, ಎಲೆಯ ಎರಡು ಪದರಗಳ ನಡುವೆ ಒಂದು ಪುಟ್ಟ ಮರಿಹುಳ ಕೂತು ಒಳಗಿನ ತಿರುಳನ್ನು ತಿಂದಿದೆ ಎಂದರ್ಥ. ಕೆಲವು ಎಲೆಗಳ ತುಂಬ ಗುಳ್ಳೆ ಎದ್ದಂತೆ ಗಂಟುಗಳಿರುತ್ತವೆ, ಅವು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಮನೆ. ಇಷ್ಟು ನೋಡಿದ ಮಗು ಮರುದಿನ ತಾನೇ ಹತ್ತು ಎಲೆ ತಿರುಗಿಸಿ ನೋಡುತ್ತದೆ.

ಹೊಂಗೆಯ ಜೊತೆಗೆ ಬೀದಿಯ ಬೇರೆ ಮರಗಳ ಸರದಿಯನ್ನೂ ಗಮನಿಸಬಹುದು. ಮುತ್ತುಗ ಮತ್ತು ಬೂರುಗ ಎಲೆ ಕಳೆದುಕೊಂಡು ಫೆಬ್ರುವರಿ ಆಸುಪಾಸಿನಲ್ಲಿ ಬರೀ ಹೂವಾಗಿ ನಿಲ್ಲುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಗುಲ್‌ಮೊಹರ್‌ನ ಕೆಂಪು. ಬೂರುಗದ ಹೂವಿಗೆ ಗೊರವಂಕ, ಪಿಕಳಾರ, ಕಾಗೆ, ಅಳಿಲು ಎಲ್ಲವೂ ಬರುತ್ತವೆ, ಹಕ್ಕಿ ನೋಡುವುದನ್ನು ಕಲಿಸಲು ಅದಕ್ಕಿಂತ ಸುಲಭದ ಜಾಗವಿಲ್ಲ.

ಹೆಜ್ಜೆ 4: ಹೊರಗೆ ಹೋಗಲಾಗದ ದಿನಗಳಿಗೆ ಒಂದು ಕರಿಬೇವಿನ ಕುಂಡ

ಐದನೇ ಮಹಡಿಯ ಬಾಲ್ಕನಿಯಲ್ಲೂ ಇದು ಆಗುತ್ತದೆ. ಕರಿಬೇವು ಅಥವಾ ನಿಂಬೆಯ ಸಸಿ ತಂದು ಬಿಸಿಲು ಬೀಳುವಲ್ಲಿ ಇಡಿ. ಔಷಧಿ ಸಿಂಪಡಿಸಬೇಡಿ. ಕಪ್ಪು ಹಳದಿ ಚುಕ್ಕೆಗಳ ನಿಂಬೆ ಚಿಟ್ಟೆ ಹುಡುಕಿಕೊಂಡು ಬಂದು ಎಳೆ ಎಲೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಸಣ್ಣ, ತಿಳಿಹಳದಿ ಮೊಟ್ಟೆ ಇಡುತ್ತದೆ, ಒಂದೊಂದು ಕಡೆ ಒಂದೊಂದೇ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿರುತ್ತದೆ. ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಅದು ಹೂಡಿದ ಉಪಾಯ. ಪೊರೆ ಕಳಚುತ್ತಾ ಬೆಳೆದು ಕೊನೆಗೆ ಎಲೆಯದೇ ಹಸಿರು ಬಣ್ಣಕ್ಕೆ ಬರುತ್ತದೆ. ಆಗ ಹುಲ್ಲುಕಡ್ಡಿಯಿಂದ ಮೆಲ್ಲಗೆ ಬೆನ್ನು ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಹೊರಗೆ ಬಂದು ಘಾಟು ವಾಸನೆ ಹರಡುತ್ತದೆ. ಮಕ್ಕಳು ಕಿರುಚಿ ಹಿಂದೆ ಸರಿಯುತ್ತಾರೆ, ತಕ್ಷಣ ಇನ್ನೊಮ್ಮೆ ನೋಡಬೇಕೆನ್ನುತ್ತಾರೆ. ಒಂದೇ ಸಲ ಸಾಕು, ಹುಳವನ್ನು ಪೀಡಿಸುವುದು ಬೇಡವೆಂದು ಹೇಳಿ.

ಎರಡು ಮೂರು ವಾರ ತಿಂದ ಮೇಲೆ ಹುಳ ಕಡ್ಡಿಯೊಂದಕ್ಕೆ ರೇಷ್ಮೆಯ ನೂಲಿನಿಂದ ಸೊಂಟ ಕಟ್ಟಿಕೊಂಡು ಕೋಶವಾಗುತ್ತದೆ. ಹಸಿರು ಎಲೆಗಳ ನಡುವೆ ಕೂತರೆ ಕೋಶವೂ ಹಸಿರು, ಒಣ ಕಡ್ಡಿಯ ಮೇಲಾದರೆ ಸಾಮಾನ್ಯವಾಗಿ ಕಂದು. ಕೋಶ ಕಪ್ಪಾಗುತ್ತಾ ಒಳಗಿನ ರೆಕ್ಕೆಯ ಚುಕ್ಕೆಗಳು ಕಾಣತೊಡಗಿದರೆ ಮರುದಿನ ಬೆಳಿಗ್ಗೆ ಬೇಗ ಎಬ್ಬಿಸಿ. ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ, ಅದು ಅರಳಿ ಒಣಗುವವರೆಗೆ ಯಾರೂ ಮುಟ್ಟಬಾರದು. ಒಗ್ಗರಣೆಗೆ ಎಲೆ ಉಳಿಯುವುದಿಲ್ಲ ಎಂದು ಅಡುಗೆಮನೆಯಿಂದ ಆಕ್ಷೇಪ ಬಂದರೆ ಎರಡನೇ ಕುಂಡ ತನ್ನಿ. ಹಿತ್ತಿಲಿರುವವರು ಎಕ್ಕದ ಗಿಡವನ್ನು ಕಿತ್ತುಹಾಕದೆ ಬಿಟ್ಟರೆ ಕಿತ್ತಳೆ ಬಣ್ಣದ ಇನ್ನೊಂದು ಬಗೆಯ ಚಿಟ್ಟೆಯೂ ಬರುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಸೋಕಿದರೆ ಅಪಾಯ, ಅದನ್ನು ಮುರಿಯಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿ.

ಹೆಜ್ಜೆ 5: ದೊಡ್ಡವರು ಮಾತು ಕಡಿಮೆ ಮಾಡಿ

ಮಕ್ಕಳು ಹೊರಗೆ ಬೇಸರಗೊಳ್ಳಲು ಮುಖ್ಯ ಕಾರಣ ನಾವೇ. ಮಗು ಇರುವೆ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತದೆ, ನಾವು "ಬಾ ಬೇಗ, ಇನ್ನೂ ಎರಡು ಸುತ್ತು ನಡೆಯಬೇಕು" ಎಂದು ಎಳೆಯುತ್ತೇವೆ. ಅಥವಾ ಹಕ್ಕಿ ಕಂಡೊಡನೆ ಹೆಸರು, ಜಾತಿ, ವಿಶೇಷ ಎಲ್ಲವನ್ನೂ ಒಪ್ಪಿಸಿ ಪರೀಕ್ಷೆಯ ವಾತಾವರಣ ತಂದುಬಿಡುತ್ತೇವೆ. ಅದೆಲ್ಲ ಬಿಡಿ. ಮಗು ನಿಂತಲ್ಲಿ ನಿಲ್ಲಿ. ಹೆಸರು ಕೇಳಿದರೆ ಮಾತ್ರ ಹೇಳಿ. ಗೊತ್ತಿಲ್ಲದಿದ್ದರೆ "ಕೊಕ್ಕು ಹೇಗಿತ್ತು, ಬಾಲ ಎತ್ತಿತ್ತೇ, ನೆಲದ ಮೇಲಿತ್ತೋ ಕೊಂಬೆಯ ಮೇಲೋ" ಎಂದು ಕೇಳಿ, ಮನೆಗೆ ಹೋಗಿ ಇಬ್ಬರೂ ಸೇರಿ ಹುಡುಕಿ. ನಿಮ್ಮ ಮೊಬೈಲ್ ಚೀಲದಲ್ಲಿರಲಿ. ನೀವು ಕಟ್ಟೆಯ ಮೇಲೆ ಕೂತು ಸಂದೇಶ ಓದುತ್ತಿದ್ದರೆ ಮಗು ಕಲಿಯುವುದು ಅದನ್ನೇ.

ಪ್ರತಿ ಸಲ ಐದು ನಿಮಿಷ ಕಣ್ಣು ಮುಚ್ಚಿ ಕೂರುವ ಆಟವೊಂದನ್ನು ಇಟ್ಟುಕೊಳ್ಳಿ. ಕೇಳಿಸಿದ ಪ್ರತಿ ಸದ್ದಿಗೂ ಒಂದೊಂದು ಬೆರಳು ಮಡಿಸಬೇಕು. ಮೊದಮೊದಲು ಆಟೊ, ಕುಕ್ಕರ್ ಸೀಟಿಗಳೇ ಹೆಚ್ಚು. ಕೆಲವು ವಾರಗಳಾದ ಮೇಲೆ ಕುಟ್ರುಹಕ್ಕಿಯ ಬಿಡುವಿಲ್ಲದ "ಕುಟ್ರೂ ಕುಟ್ರೂ", ಅಳಿಲಿನ ಚಿಲಿಪಿಲಿ, ಬೇಸಿಗೆಯ ಬೆಳಿಗ್ಗೆ ಮಡಿವಾಳ ಹಕ್ಕಿಯ ಹಾಡು ಒಂದೊಂದಾಗಿ ಬೇರ್ಪಟ್ಟು ಕೇಳಿಸತೊಡಗುತ್ತವೆ.

ಬಟ್ಟೆ ಕೊಳೆಯಾಗುತ್ತದೆ. ಹೊರಗಿನ ಆಟಕ್ಕೆಂದೇ ಎರಡು ಜೊತೆ ಹಳೆಯ ಬಟ್ಟೆ ತೆಗೆದಿಟ್ಟುಬಿಡಿ, ಆಮೇಲೆ ಅದರ ಬಗ್ಗೆ ಗದರಬೇಡಿ. ಬಿದ್ದ ಕಾಯಿ, ಗರಿ, ಕಲ್ಲುಗಳನ್ನು ಆರಿಸಿ ತರಲಿ. ಮರದಿಂದ ಕೀಳುವುದು, ಗೂಡು ಮುಟ್ಟುವುದು ಬೇಡ.

ವಯಸ್ಸಿಗೆ ತಕ್ಕ ಹಾಗೆ

ಚಿಕ್ಕ ಮಕ್ಕಳಿಗೆ ಮಣ್ಣು, ನೀರು, ಒಂದು ಹಳೆಯ ಸೌಟು ಸಾಕು. ಏಳೆಂಟು ವರ್ಷದವರಿಗೆ ಹುಡುಕುವ ಕೆಲಸ ಕೊಡಿ. ಮಳೆ ಬೀಳದ ಸೂರಿನಡಿ, ನುಣುಪಾದ ಧೂಳಿನಲ್ಲಿ ಪುಟ್ಟ ಆಲಿಕೆಯಾಕಾರದ ಕುಳಿಗಳಿರುತ್ತವೆ. ಕುಳಿಯ ಅಂಚಿಗೆ ಇರುವೆ ಬಂದರೆ ತಳದಲ್ಲಿ ಅಡಗಿದ ಹುಳ ಮರಳು ಚಿಮ್ಮಿಸಿ ಅದನ್ನು ಜಾರಿಸಿ ಹಿಡಿಯುತ್ತದೆ. ಆ ಹುಳವನ್ನು ಅಂಗೈಗೆ ಹಾಕಿಕೊಂಡರೆ ಅದು ಹಿಂದಕ್ಕೇ ನಡೆಯುತ್ತದೆ. ಬೆಳೆದ ಮೇಲೆ ಅದಕ್ಕೆ ಏರೋಪ್ಲೇನ್ ಚಿಟ್ಟೆಯಂಥ ರೆಕ್ಕೆ ಬರುತ್ತದೆ ಎಂದರೆ ಮಕ್ಕಳು ನಂಬುವುದೇ ಇಲ್ಲ.

ಹದಿಹರೆಯದವರ ವಿಷಯ ಬೇರೆ. ಅಪ್ಪ ಅಮ್ಮನ ಜೊತೆ ಉದ್ಯಾನಕ್ಕೆ ಬರಲು ಅವರಿಗೆ ನಾಚಿಕೆ. ಅವರ ಕೈಗೆ ಒಂದು ಸಾಧಾರಣ ದುರ್ಬೀನು ಕೊಡಿ, ಗೆಳೆಯರೊಂದಿಗೆ ಕಳಿಸಿ. ಹಕ್ಕಿಯ ಧ್ವನಿ ಗುರುತಿಸುವ ಮೆರ್ಲಿನ್, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಎರಡೂ ಉಚಿತ ಆ್ಯಪ್‌ಗಳು, ಅವರ ಮೊಬೈಲ್ ಪ್ರೀತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಮನೆಯ ತಾರಸಿಯಿಂದಲೇ ಭಾಗವಹಿಸಬಹುದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಹತ್ತು ಹನ್ನೊಂದು ವರ್ಷ ದಾಟುತ್ತಿದ್ದಂತೆ ಎಷ್ಟೋ ಮನೆಗಳಲ್ಲಿ ಅವರ ಹೊರಗಿನ ಆಟ ನಿಂತುಹೋಗುತ್ತದೆ. ಅಣ್ಣ ತಮ್ಮಂದಿರು ಮೈದಾನದಲ್ಲಿರುತ್ತಾರೆ, ಇವರು ಒಳಗಿರುತ್ತಾರೆ. ಸುರಕ್ಷೆಯ ಚಿಂತೆ ನಿಜವೇ. ಅದಕ್ಕೆ ನಾಲ್ಕೈದು ಹುಡುಗಿಯರ ಗುಂಪು ಕಟ್ಟಿ, ಜೊತೆಗೊಬ್ಬ ಅತ್ತೆಯನ್ನೋ ಚಿಕ್ಕಮ್ಮನನ್ನೋ ಕಳಿಸಿ. ಮನೆಯೊಳಗೆ ಕೂರಿಸುವುದು ಪರಿಹಾರವಲ್ಲ.

ಮಳೆಗಾಲದಲ್ಲಿ

ಜೂನ್ ಬಂತೆಂದರೆ ಎಲ್ಲರೂ ಒಳಗೆ ಸೇರಿಕೊಳ್ಳುತ್ತೇವೆ, ಆದರೆ ನೋಡಲು ಹೆಚ್ಚು ಸಿಗುವುದು ಆಗಲೇ. ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳ ದಿನಾಂಕ ಇರುತ್ತದೆ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮಗು ಪ್ರತಿ ಮಳೆಯಲ್ಲೂ ಎಷ್ಟು ದಿನ ಮಳೆ ಬಂತೆಂದು ಕ್ಯಾಲೆಂಡರಿನಲ್ಲೇ ಗುರುತು ಹಾಕಲಿ. ಅಗಲ ಬಾಯಿಯ, ನೇರ ಗೋಡೆಯ ಡಬ್ಬಿಯೊಂದನ್ನು ತಾರಸಿಯಲ್ಲಿಟ್ಟು ಅಳತೆಪಟ್ಟಿಯಿಂದ ಅಳೆದರೆ ಎಷ್ಟು ಮಿಲಿಮೀಟರ್ ಎಂಬುದೂ ತಿಳಿಯುತ್ತದೆ. ಅಳೆದ ಮೇಲೆ ನೀರು ಚೆಲ್ಲಿಬಿಡಬೇಕು, ಇಲ್ಲವಾದರೆ ಡೆಂಗಿ ಸೊಳ್ಳೆ ಅದರಲ್ಲೇ ಮೊಟ್ಟೆಯಿಡುತ್ತದೆ. ಮೃಗಶಿರ ಮಳೆಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಮಖಮಲ್ಲಿನಂಥ ಕೆಂಪು ಹುಳಗಳು ಏಳುತ್ತವೆ. ಊರಿನಲ್ಲಿ ಅಜ್ಜಿಯ ಮನೆ ಇದ್ದರೆ ಅದನ್ನು ತೋರಿಸಲು ಕೇಳಿ.

ಅಪಾಯಗಳ ಬಗ್ಗೆ ತಿಳಿದಿರಬೇಕಾದದ್ದು

ಹೆದರಿ ಒಳಗಿಡುವ ಬದಲು ಸರಿಯಾದ ಎಚ್ಚರಿಕೆ ಕಲಿಸಿದರೆ ಮಗು ಜೀವನಪರ್ಯಂತ ಸುರಕ್ಷಿತ.

ಹಾವು: ಕೈ ಹಾಕುವ ಮುನ್ನ ನೋಡು, ಕಾಲಿಡುವ ಮುನ್ನ ನೋಡು, ಕಲ್ಲು ಸಂದಿಗೆ, ಬಿಲಕ್ಕೆ ಬೆರಳು ತೂರಿಸಬೇಡ. ಈ ಮೂರನ್ನು ಬಾಯಿಪಾಠ ಮಾಡಿಸಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ಚಿತ್ರ ತೋರಿಸಿ. ಕಚ್ಚಿದರೆ ಹಗ್ಗದಿಂದ ಬಿಗಿಯಬಾರದು, ಕೊಯ್ಯಬಾರದು, ಬಾಯಿಯಿಂದ ಹೀರಬಾರದು. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ನೇರ ಹೋಗಬೇಕು. ನಿಮ್ಮ ಸುತ್ತ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ, ಅಷ್ಟು ಗಂಭೀರ ವಿಷಯ ಇದು.

ಹೆಜ್ಜೇನು ಕಟ್ಟಿದ ಮರದಡಿ ಆಡಬಾರದು, ಕಲ್ಲೆಸೆಯಲೇಬಾರದು. ನಾಯಿ ಕಚ್ಚಿದರೆ, ಪರಚಿದರೂ ಸರಿಯೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಕರೆದೊಯ್ಯಬೇಕು. ಗದರುತ್ತೀರೆಂಬ ಭಯಕ್ಕೆ ಮಕ್ಕಳು ಇದನ್ನು ಮುಚ್ಚಿಡುತ್ತಾರೆ, ಹೇಳಿದರೆ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಡಿ. ಗುಡುಗು ಕೇಳಿಸಿದ ಕೂಡಲೇ ಮರದಡಿಯಿಂದ, ಬಯಲಿನಿಂದ ಕಟ್ಟಡದೊಳಗೆ ಬರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಡಬಾರದು. ಕೆರೆ, ಕೃಷಿಹೊಂಡ, ಕಲ್ಲುಕ್ವಾರಿಗಳ ನೀರಿನ ಹತ್ತಿರ ದೊಡ್ಡವರಿಲ್ಲದೆ ಮಕ್ಕಳು ಹೋಗಲೇಬಾರದು. ಈಜು ಬರುವ ಮಕ್ಕಳಿಗೂ ಈ ನಿಯಮ ಒಂದೇ.

ಮಲೆನಾಡಿನವರಿಗೆ ಮಂಗನ ಕಾಯಿಲೆಯ ಎಚ್ಚರಿಕೆ ಬೇರೆಯೇ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ರಕ್ತ ಹೀರುವ ಉಣ್ಣೆ ಹುಳಗಳಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆ ಆ ತಿಂಗಳುಗಳಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ.

ಆಮೇಲೆ ದೂರದ ಊರು

ಮನೆಯ ಹತ್ತಿರದ ಜಾಗ ಬಳಕೆಯಾದ ಮೇಲೆ ಪ್ರವಾಸಕ್ಕೆ ಅರ್ಥ ಬರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಬೇಸಿಗೆ ಮುಗಿಯುವ ಮುನ್ನ ಹೋಗಬೇಕು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಲಾಲ್‌ಬಾಗ್‌ನ ಬಂಡೆಯ ಮೇಲೆ ಮಗುವನ್ನು ಕೂರಿಸಿ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಹೇಳಿ.

ಕೊನೆಯದಾಗಿ, ಸಂಘದ ಸಭೆಗೆ ಹೋಗಿ

ನೀವೊಬ್ಬರೇ ಮಾಡಿದರೆ ಆಗದ ಕೆಲಸವೂ ಇದೆ. ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ಸಂಘದಲ್ಲಿ ಮೂರು ಬೇಡಿಕೆ ಇಡಿ. ಉದ್ಯಾನದ ಒಂದು ಮೂಲೆಯಲ್ಲಿ ಕಳೆ ಕೀಳದೆ, ಎಲೆ ಗುಡಿಸದೆ, ಔಷಧಿ ಹೊಡೆಯದೆ ಬಿಡಬೇಕು. ಆ ಮೂಲೆಗೆ ಎಚ್ಚರದಿಂದ, ದೊಡ್ಡವರ ಜೊತೆ ಮಕ್ಕಳು ಹೋಗಬಹುದು. ಎರಡನೆಯದು, ಹುಲ್ಲಿನ ಮೇಲೆ ಕಾಲಿಡಬಾರದೆಂಬ ಫಲಕ ತೆಗೆಯಬೇಕು. ಮೂರನೆಯದು, ಮುಂದಿನ ಮಳೆಗಾಲಕ್ಕೆ ಅಲಂಕಾರದ ಗಿಡಗಳ ಬದಲು ಹೊಂಗೆ, ನೇರಳೆ, ನಿಂಬೆ, ಕರಿಬೇವು ನೆಡಬೇಕು. ಮನವಿಯನ್ನು ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಸಿ, ತಮ್ಮ ಮರದ ನೋಟ್‌ಪುಸ್ತಕ ಹಿಡಿದು ಅವರೇ ಸಭೆಗೆ ಬಂದು ಓದಲಿ. ಮೇ ತಿಂಗಳ ಮೊದಲ ವಾರದೊಳಗೆ ಕೊಟ್ಟರೆ ಸಸಿ ತರಿಸಿ ಗುಂಡಿ ತೆಗೆಸಲು ಸಂಘಕ್ಕೂ ಸಮಯ ಸಿಗುತ್ತದೆ.